ಬೆನ್ನುಹುರಿಗೆ ಪೆಟ್ಟಾದವರು ಮನೆಗೆ ಬಂದ ಮೇಲೆ: ಬೆಡ್ ಸೋರ್ ಆಗದ ಹಾಗೆ ನೋಡಿಕೊಳ್ಳುವುದು ಹೇಗೆ?

ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಬೆನ್ನುಹುರಿಗೆ ಪೆಟ್ಟು ಬೀಳುವುದು ಹೇಗೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಹತ್ತಿದವರು ಪಾಚಿಗೆ ಜಾರುತ್ತಾರೆ. ಕಾಯಿ ಕೀಳಲು ತೆಂಗು ಹತ್ತಿದವರು ಬೀಳುತ್ತಾರೆ. ಹೆದ್ದಾರಿಯಲ್ಲಿ ಬೈಕು ಮಗುಚುತ್ತದೆ. ಅಲ್ಲಿಂದ ತಲಪಾಡಿ ದಾಟಿ ಮಂಗಳೂರು, ಐಸಿಯು, ಬೆನ್ನಿಗೆ ರಾಡು, ಸ್ಕ್ರೂ. ಕೆಲವು ವಾರ ಕಳೆದು ಆಂಬುಲೆನ್ಸ್‌ನಲ್ಲಿ ಮನೆಗೆ ಕರೆತರುತ್ತಾರೆ. ಕೈಯಲ್ಲಿ ಒಂದು ಡಿಸ್ಚಾರ್ಜ್ ಶೀಟ್. ಅದರಲ್ಲಿ ಏಳೆಂಟು ಮಾತ್ರೆಗಳ ಹೆಸರು, ಮುಂದಿನ ಚೆಕಪ್‌ನ ತಾರೀಕು, ಕೊನೆಯಲ್ಲಿ ಎಲ್ಲೋ ಒಂದು ಸಾಲು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಮಾತ್ರೆ ತಪ್ಪದೆ ಕೊಡುತ್ತಾರೆ. ಮಗ್ಗುಲು ಬದಲಿಸುವುದು ಒಂದು ವಾರ ನಡೆಯುತ್ತದೆ, ಆಮೇಲೆ ಸಡಿಲವಾಗುತ್ತದೆ. ನೋಡಲು ಬಂದವರ ಗಲಾಟೆ, ಬ್ಯಾಂಕಿನ ಓಡಾಟ, ತೋಟದ ಕೆಲಸ, ನಿದ್ದೆಗೆಟ್ಟ ಮನೆಮಂದಿ. ಮಲಗಿದವರಿಗೆ ನೋವೇ ಇಲ್ಲವಲ್ಲ, ಅವರು ಏನೂ ಹೇಳುವುದಿಲ್ಲ. ಒಂದು ದಿನ ಮೈ ಒರೆಸುವಾಗ ಸೊಂಟದ ಕೆಳಗೆ ಕಪ್ಪು ಕಲೆಯೊಂದು ಕಾಣಿಸುತ್ತದೆ. ಅದೇ ಬೆಡ್ ಸೋರ್, ಅಂದರೆ ಒಂದೇ ಕಡೆ ಒತ್ತಡ ಬಿದ್ದು ಆಗುವ ಹಾಸಿಗೆ ಹುಣ್ಣಿನ ಶುರು.

ಬೆನ್ನುಹುರಿಗೆ ಪೆಟ್ಟಾದವರ ಮನೆಯಲ್ಲಿ ದಿನದ ಕೆಲಸಗಳನ್ನೆಲ್ಲ ಈ ಒಂದು ಸಾಲಿನ ಸುತ್ತ ಜೋಡಿಸಬೇಕು ಎಂದು ನಾನು ನಂಬಿದ್ದೇನೆ. ಫಿಸಿಯೋಥೆರಪಿ, ಗಾಲಿಕುರ್ಚಿ, ಮತ್ತೆ ದುಡಿಯುವ ಆಸೆ, ಎಲ್ಲಕ್ಕೂ ಚರ್ಮ ಗಟ್ಟಿ ಇರಬೇಕು. ಒಂದು ಹುಣ್ಣಾದರೆ ಸಾಕು, ತಿಂಗಳುಗಟ್ಟಲೆ ಕುಳಿತುಕೊಳ್ಳುವ ಹಾಗಿಲ್ಲ.

ಒಳಗೆ ಏನಾಗುತ್ತದೆ?

ನಿಮ್ಮ ಹೆಬ್ಬೆರಳಿನ ಉಗುರನ್ನು ಒತ್ತಿ ಹಿಡಿಯಿರಿ. ಬೆಳ್ಳಗಾಗುತ್ತದೆ. ಬಿಟ್ಟ ಕೂಡಲೇ ಕೆಂಪು ಬಣ್ಣ ವಾಪಸ್ ಬರುತ್ತದೆ. ಒತ್ತಿದಾಗ ಸಣ್ಣ ರಕ್ತನಾಳಗಳು ಮುಚ್ಚಿದವು, ಬಿಟ್ಟಾಗ ತೆರೆದವು, ಅಷ್ಟೇ. ಈ ಸಣ್ಣ ನಾಳಗಳಲ್ಲಿ ರಕ್ತದ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸದಷ್ಟು ಮಾತ್ರ ಎಂದು ಹಳೆಯ ಅಳತೆಗಳು ಹೇಳುತ್ತವೆ. ಗಟ್ಟಿ ಜಾಗದಲ್ಲಿ ಕುಳಿತಾಗ ಪೃಷ್ಠದ ಎಲುಬಿನ ತುದಿಯಲ್ಲಿ ಬೀಳುವ ಒತ್ತಡ 100 ದಾಟಬಹುದು. ಅಂದರೆ ಕುಳಿತಷ್ಟು ಹೊತ್ತೂ ಅಲ್ಲಿ ರಕ್ತ ಸರಿಯಾಗಿ ಓಡುವುದಿಲ್ಲ.

ನಮಗೆಲ್ಲ ಹುಣ್ಣಾಗುವುದಿಲ್ಲ, ಯಾಕೆ? ಸ್ವಲ್ಪ ಹೊತ್ತಿಗೆ ಅಲ್ಲಿ ಕಿರಿಕಿರಿ ಶುರುವಾಗುತ್ತದೆ. ನಾವು ಗೊತ್ತಿಲ್ಲದೆಯೇ ಸ್ವಲ್ಪ ಸರಿದು ಕೂರುತ್ತೇವೆ. ನಿದ್ದೆಯಲ್ಲೂ ಹೊರಳುತ್ತೇವೆ. ಬೆನ್ನುಹುರಿ ತುಂಡಾದವರಿಗೆ ಆ ಕಿರಿಕಿರಿಯ ಸುದ್ದಿ ಮಿದುಳಿಗೆ ತಲುಪುವುದಿಲ್ಲ. ತಲುಪಿದರೂ ಹೊರಳಲು ಸ್ನಾಯುಗಳಿಗೆ ಅಪ್ಪಣೆ ಹೋಗುವುದಿಲ್ಲ. ಜೊತೆಗೆ, ಬಳಸದ ಪೃಷ್ಠದ ಮಾಂಸ ಕೆಲವೇ ತಿಂಗಳಲ್ಲಿ ಕರಗುತ್ತದೆ. ಎಲುಬು ಮತ್ತು ಚರ್ಮದ ನಡುವೆ ಇದ್ದ ಮೆತ್ತೆಯೇ ತೆಳುವಾಗುತ್ತದೆ. ಪೆಟ್ಟಾದ ಮಟ್ಟದಿಂದ ಕೆಳಗೆ ರಕ್ತನಾಳಗಳ ಹಿಡಿತವೂ ಸಡಿಲ. ಇಷ್ಟೆಲ್ಲ ಸೇರಿದರೆ, ಒಂದೇ ಭಂಗಿಯಲ್ಲಿ ಎರಡು ಗಂಟೆ ಕಳೆಯುವುದರೊಳಗೇ ಹಾನಿ ಶುರುವಾಗಬಹುದು.

ಇನ್ನೊಂದು ವಿಷಯವನ್ನು ಎಲ್ಲರೂ ತಿಳಿದಿರಬೇಕು. ಒತ್ತಡ ಅತಿ ಹೆಚ್ಚು ಇರುವುದು ಚರ್ಮದ ಮೇಲಲ್ಲ, ಒಳಗೆ ಎಲುಬಿಗೆ ತಾಗಿದ ಮಾಂಸದಲ್ಲಿ. ರಕ್ತ ನಿಂತರೆ ಮಾಂಸ ಚರ್ಮಕ್ಕಿಂತ ಬೇಗ ಸಾಯುತ್ತದೆ. ಹಾಗಾಗಿ ಎಷ್ಟೋ ಸಲ ಹುಣ್ಣು ಶುರುವಾಗುವುದು ಒಳಗಿನಿಂದ. ಹೊರಗೆ ಒಂದು ರೂಪಾಯಿ ಅಗಲದ ಕಲೆ, ಒಳಗೆ ಮುಷ್ಟಿಯಷ್ಟು ಹಾಳಾದ ಮಾಂಸ. ಹಲಸಿನ ಹಣ್ಣಿನ ಸಿಪ್ಪೆಯಲ್ಲಿ ಸಣ್ಣ ಚುಕ್ಕೆ ಕಂಡು, ಸೀಳಿ ನೋಡಿದರೆ ಒಳಗೆ ಅರ್ಧ ಕೊಳೆತಿರುತ್ತದಲ್ಲ, ಆ ಥರ. ಒಳಗಾದ ಹಾನಿ ಚರ್ಮದ ಮೇಲೆ ಕಾಣಿಸಿಕೊಳ್ಳಲು ಎರಡು ಮೂರು ದಿನ ಬೇಕಾಗಬಹುದು. ಆಂಬುಲೆನ್ಸ್‌ನ ಗಟ್ಟಿ ಸ್ಟ್ರೆಚರ್‌ನಲ್ಲಿ ಮಂಗಳೂರಿನಿಂದ ಮುಳ್ಳೇರಿಯವರೆಗೆ ಅಂಗಾತ ಮಲಗಿ ಬಂದದ್ದರ ಪರಿಣಾಮ ಮನೆಗೆ ಬಂದ ಮೂರನೆಯ ದಿನ ಕಾಣಬಹುದು. ಆದ್ದರಿಂದ ಬಿಡುಗಡೆಯ ದಿನವೇ ಸ್ಟ್ರೆಚರ್‌ಗೆ ದಪ್ಪ ಫೋಮ್ ಹಾಕಿಸಿ. ಹೊರಡುವ ಮುಂಚೆ ಒಂದು ಸಲ, ಮನೆಗೆ ಬಂದ ಕೂಡಲೇ ಇನ್ನೊಂದು ಸಲ ಬೆನ್ನು ನೋಡಿ. ಆಮೇಲೆ ಮೂರು ದಿನ ಇನ್ನೂ ಜಾಸ್ತಿ ಗಮನ ಕೊಡಿ.

ಒತ್ತುವುದರಷ್ಟೇ ಕೆಟ್ಟದ್ದು ಎಳೆಯುವುದು. ಹಾಸಿಗೆಯಲ್ಲಿ ಕೆಳಕ್ಕೆ ಜಾರಿದವರನ್ನು ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆದರೆ ಚರ್ಮ ಬೆಡ್‌ಶೀಟಿಗೆ ಅಂಟಿಕೊಂಡೇ ಇರುತ್ತದೆ, ಒಳಗಿನ ಎಲುಬು ಮಾತ್ರ ಸರಿಯುತ್ತದೆ. ನಡುವಿನ ರಕ್ತನಾಳಗಳು ತಿರುಚಿಕೊಳ್ಳುತ್ತವೆ, ಹರಿಯುತ್ತವೆ. ತಲೆಯ ಕಡೆ ಹಾಸಿಗೆಯನ್ನು ಎತ್ತರಿಸಿ ಇಟ್ಟಾಗಲೂ ಆಗುವುದು ಇದೇ. ಮನುಷ್ಯ ನಿಧಾನವಾಗಿ ಜಾರುತ್ತಾ ಇರುತ್ತಾನೆ, ಯಾರಿಗೂ ಗೊತ್ತಾಗುವುದಿಲ್ಲ.

ಎರಡು ಗಂಟೆಯ ಲೆಕ್ಕ ಎಲ್ಲಿಂದ ಬಂತು?

ಎರಡನೇ ಮಹಾಯುದ್ಧದವರೆಗೆ ಬೆನ್ನುಹುರಿ ಮುರಿದವರು ಬದುಕುತ್ತಾರೆಂದು ವೈದ್ಯರೇ ನಂಬುತ್ತಿರಲಿಲ್ಲ. ಹೆಚ್ಚಿನವರು ಹಾಸಿಗೆ ಹುಣ್ಣು, ಮೂತ್ರದ ಸೋಂಕಿನಿಂದ ತೀರಿಹೋಗುತ್ತಿದ್ದರು. ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ನರವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಇಂಥವರಿಗಾಗಿಯೇ ಒಂದು ವಿಭಾಗ ಶುರುಮಾಡಿದರು. ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರ ಮಗ್ಗುಲು ಬದಲಿಸಬೇಕು ಎಂಬ ನಿಯಮ ತಂದರು. ಸರಿಯಾಗಿ ನಡೆಯುತ್ತಿದೆಯೇ ಎಂದು ರಾತ್ರಿ ತಾವೇ ವಾರ್ಡಿಗೆ ಬಂದು ನೋಡುತ್ತಿದ್ದರಂತೆ. ಇನ್ನು ಉಳಿಯುವುದಿಲ್ಲ ಎಂದು ಕೈಬಿಟ್ಟಿದ್ದವರು ಅಲ್ಲಿ ಬದುಕಿದರು, ಕೆಲಸಕ್ಕೆ ಹೋದರು, 1948ರಲ್ಲಿ ಬಿಲ್ಲು ಹಿಡಿದು ಸ್ಪರ್ಧೆಗೂ ನಿಂತರು. ಮುಂದೆ ಪ್ಯಾರಾಲಿಂಪಿಕ್ಸ್ ಆದದ್ದು ಅದೇ ಕ್ರೀಡಾಕೂಟ. ಇದರಲ್ಲಿ ದುಬಾರಿ ಮದ್ದು ಯಾವುದೂ ಇರಲಿಲ್ಲ ಎಂಬುದು ನನಗೆ ತುಂಬಾ ಮುಖ್ಯ ಅನಿಸುತ್ತದೆ.

ಹಾಗೆಂದು ಎರಡು ಗಂಟೆ ಎಲ್ಲರಿಗೂ, ಯಾವತ್ತಿಗೂ ಒಂದೇ ಅಲ್ಲ. ಮನೆಗೆ ಬಂದ ಹೊಸದರಲ್ಲಿ ಎರಡು ಗಂಟೆಯಿಂದಲೇ ಶುರುಮಾಡಿ. ಮಗ್ಗುಲು ಬದಲಿಸಿದ ಮೇಲೆ ಒತ್ತಿದ ಜಾಗದ ಕೆಂಪು ಅರ್ಧ ಗಂಟೆಯೊಳಗೆ ಪೂರ್ತಿ ಮಾಯವಾಗುತ್ತಿದ್ದರೆ ಚರ್ಮ ತಡೆದುಕೊಳ್ಳುತ್ತಿದೆ ಎಂದರ್ಥ. ವೈದ್ಯರನ್ನೋ ನರ್ಸನ್ನೋ ಕೇಳಿ, ರಾತ್ರಿಯ ಅಂತರವನ್ನು ಅರ್ಧರ್ಧ ಗಂಟೆಯಂತೆ ನಿಧಾನವಾಗಿ ಹೆಚ್ಚಿಸಬಹುದು. ಕೆಂಪು ಉಳಿದರೆ ಹಿಂದಿನ ಅಂತರಕ್ಕೇ ವಾಪಸ್.

ಮಲಗಿಸುವ ರೀತಿ

ಮಗ್ಗುಲು ಬದಲಿಸುವುದು ಎಂದರೆ ಪೂರ್ತಿ ಪಕ್ಕಕ್ಕೆ ತಿರುಗಿಸಿ ಮಲಗಿಸುವುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗೆ ಮಲಗಿಸಿದರೆ ಮೈಭಾರವೆಲ್ಲ ಸೊಂಟದ ಪಕ್ಕದ ಎಲುಬಿನ ಮೇಲೆ ಬೀಳುತ್ತದೆ. ಅಲ್ಲಿ ಮಾಂಸ ಕಡಿಮೆ, ಬೇಗ ಹುಣ್ಣಾಗುತ್ತದೆ. ಸುಮಾರು 30 ಡಿಗ್ರಿಯಷ್ಟು ಮಾತ್ರ ವಾಲಿಸಿ. ಅಂಗಾತ ಮಲಗಿದವರ ಒಂದು ಬದಿಗೆ ಭುಜದಿಂದ ಸೊಂಟದವರೆಗೆ ಉದ್ದಕ್ಕೆ ದಿಂಬು ಕೊಡಿ. ಈಗ ನಿಮ್ಮ ಕೈಯನ್ನು ಅವರ ಸೊಂಟದ ಕೆಳಗೆ ತೂರಿಸಿ ನೋಡಿ. ಬೆನ್ನಿನ ಕೆಳಗಿನ ಎಲುಬು ಹಾಸಿಗೆಗೆ ತಾಗಬಾರದು. ಪಕ್ಕದ ಎಲುಬಿನ ಮೇಲೂ ಭಾರ ಇರಬಾರದು. ಇವೆರಡರ ನಡುವಿನ ಮಾಂಸದ ಭಾಗದ ಮೇಲೆ ಭಾರ ಬಿದ್ದಿದ್ದರೆ ಸರಿಯಾಗಿದೆ. ಎರಡು ಮೂರು ಸಲ ಮಾಡಿದರೆ ಕೈಗೇ ಗೊತ್ತಾಗುತ್ತದೆ.

ಮೊಣಕಾಲುಗಳ ನಡುವೆ ಒಂದು ದಿಂಬು ಇರಲಿ. ಹಿಮ್ಮಡಿಯ ಕೆಳಗೆ ದಿಂಬು ಇಡಬೇಡಿ. ಮೀನಖಂಡದ ಉದ್ದಕ್ಕೂ ಇಟ್ಟು, ಹಿಮ್ಮಡಿ ದಿಂಬಿನ ತುದಿಯಿಂದ ಹೊರಗೆ ಗಾಳಿಯಲ್ಲಿ ಇರುವ ಹಾಗೆ ಮಾಡಿ. ಹಿಮ್ಮಡಿ ಮತ್ತು ಹಾಸಿಗೆಯ ನಡುವೆ ನಿಮ್ಮ ಅಂಗೈ ಸಲೀಸಾಗಿ ಹೋಗಬೇಕು. ಗ್ಲೌಸಿನಲ್ಲಿ ನೀರು ತುಂಬಿ ಹಿಮ್ಮಡಿ ಕೆಳಗೆ ಇಡುವುದನ್ನು ಬಹಳ ಕಡೆ ನೋಡುತ್ತೇವೆ, ಅದರಿಂದ ಪ್ರಯೋಜನವಿಲ್ಲ. ನಡುವೆ ತೂತಿರುವ ಗಾಳಿಯ ರಿಂಗ್ ಕೂಡ ಬೇಡ. ತೂತಿನ ಜಾಗಕ್ಕೆ ಆರಾಮ ಸಿಕ್ಕಿದ ಹಾಗೆ ಕಾಣುತ್ತದೆ, ಆದರೆ ಸುತ್ತಲಿನ ಚರ್ಮ ಒತ್ತಿಹೋಗಿ ನಡುವಿಗೆ ಬರುವ ರಕ್ತವೇ ನಿಲ್ಲುತ್ತದೆ. ಮೆಡಿಕಲ್ ಶಾಪಿನಲ್ಲಿ ಸುಲಭಕ್ಕೆ ಸಿಗುತ್ತದೆ ಎಂದು ಪಾಪ, ಎಷ್ಟೋ ಜನ ತಂದುಬಿಡುತ್ತಾರೆ.

ಊಟದ ಹೊತ್ತು ಬಿಟ್ಟರೆ ತಲೆಯ ಕಡೆ ಹಾಸಿಗೆ 30 ಡಿಗ್ರಿಗಿಂತ ಮೇಲೆ ಇರಬಾರದು. ಊಟವಾಗಿ ಸ್ವಲ್ಪ ಹೊತ್ತಿಗೆ ಇಳಿಸಿ. ಮೇಲಕ್ಕೆ ಸರಿಸಬೇಕಾದಾಗ ಭುಜದಿಂದ ತೊಡೆಯವರೆಗೆ ಬರುವ ಹಾಗೆ ಒಂದು ಮಡಚಿದ ಬೆಡ್‌ಶೀಟನ್ನು ಮೊದಲೇ ಕೆಳಗೆ ಹಾಸಿಟ್ಟಿರಿ. ಇಬ್ಬರು ಎರಡು ಬದಿಯಲ್ಲಿ ಅದನ್ನು ಹಿಡಿದು, ಎತ್ತಿ, ಸರಿಸಬೇಕು. ಬೆನ್ನಿನ ಆಪರೇಷನ್ ವಾಸಿಯಾಗಿ ವೈದ್ಯರು ಒಪ್ಪಿದರೆ ಕವುಚಿ ಮಲಗುವುದನ್ನು ಅಭ್ಯಾಸ ಮಾಡಿಸಿ. ಬೆನ್ನಿಗೂ ಪೃಷ್ಠಕ್ಕೂ ಪೂರ್ತಿ ಬಿಡುವು ಸಿಗುತ್ತದೆ, ಸೊಂಟದ ಕೀಲು ಮಡಚಿದಂತೆಯೇ ಸೆಟೆದುಕೊಳ್ಳುವುದೂ ತಪ್ಪುತ್ತದೆ.

ಏರ್ ಬೆಡ್ ಬಗ್ಗೆ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕುಳಿತಿದೆ. ಏರ್ ಬೆಡ್ ಇದೆಯಲ್ಲ, ಇನ್ನು ಮಗ್ಗುಲು ಬದಲಿಸುವುದು ಯಾಕೆ ಎಂದು ಕೇಳುತ್ತಾರೆ. ಬದಲಿಸಲೇಬೇಕು. ಏರ್ ಬೆಡ್ ಸಹಾಯ ಮಾಡುತ್ತದೆ, ಕೈಕೆಲಸವನ್ನು ತಪ್ಪಿಸುವುದಿಲ್ಲ. ಅದನ್ನು ಬರಿ ಹಲಗೆಯ ಮೇಲೆ ಹಾಸಬೇಡಿ, ಕೆಳಗೆ ಒಂದು ಫೋಮ್ ಅಥವಾ ಹತ್ತಿಯ ಹಾಸಿಗೆ ಇರಲಿ. ಮೇಲೆ ಒಂದೇ ಹತ್ತಿ ಬೆಡ್‌ಶೀಟು, ಅದೂ ಸಡಿಲವಾಗಿ. ರೆಕ್ಸಿನ್, ದಪ್ಪ ಕಂಬಳಿ ಹಾಕಿದರೆ ಗಾಳಿಯ ಗುಳ್ಳೆಗಳು ಉಬ್ಬಿ ಇಳಿಯುವುದರ ಫಲ ಮೈಗೆ ತಲುಪುವುದಿಲ್ಲ. ದಿನಕ್ಕೊಮ್ಮೆ ಏರ್ ಬೆಡ್‌ನ ಕೆಳಗೆ, ಪೃಷ್ಠದ ನೇರಕ್ಕೆ, ಅಂಗೈ ಮೇಲ್ಮುಖ ಮಾಡಿ ತೂರಿಸಿ. ಅವರ ಎಲುಬು ನಿಮ್ಮ ಕೈಗೆ ತಾಗಿದಂತಾದರೆ ಗಾಳಿ ಸಾಲದು. ನಡುವೆ ಕನಿಷ್ಠ ಒಂದು ಇಂಚು ಗಾಳಿಯ ಮೆತ್ತೆ ಇರಬೇಕು. ಇನ್ನು ನಮ್ಮ ಮಳೆಗಾಲದ ಕರೆಂಟು ನಿಮಗೇ ಗೊತ್ತಲ್ಲ. ಮರ ಬಿದ್ದು ಲೈನು ಹೋದರೆ ಬರುವುದು ಮರುದಿನ. ಪಂಪಿಗೆ ಬೇಕಾಗುವ ಕರೆಂಟು ತೀರಾ ಕಡಿಮೆ, ಸಣ್ಣ ಇನ್ವರ್ಟರ್ ಇದ್ದರೂ ನಡೆಯುತ್ತದೆ. ಅದೂ ಇಲ್ಲದಿದ್ದರೆ, ಸ್ವಿಚ್ ಆಫ್ ಮಾಡಿ ಎಷ್ಟು ಹೊತ್ತಿಗೆ ಗಾಳಿ ಇಳಿಯುತ್ತದೆ ಎಂದು ಒಂದು ಹಗಲು ಪರೀಕ್ಷಿಸಿ ಇಟ್ಟುಕೊಳ್ಳಿ. ರಾತ್ರಿ ಕರೆಂಟು ಹೋದಾಗ ಎಬ್ಬಿಸಬೇಕಾದವರು ಯಾರು ಎಂದೂ ಮೊದಲೇ ಮಾತಾಡಿಕೊಳ್ಳಿ.

ಕಣ್ಣು ಮತ್ತು ಬೆರಳು

ದಿನಕ್ಕೆ ಎರಡು ಸಲ, ಬೆಳಗ್ಗೆ ಏಳುವ ಮುಂಚೆ ಮತ್ತು ರಾತ್ರಿ ಮಲಗುವಾಗ, ಇಡೀ ಮೈ ನೋಡಬೇಕು. ಸೊಂಟದ ಕೆಳಗಿನ ಎಲುಬು, ಕುಳಿತಾಗ ಭಾರ ಬೀಳುವ ಎರಡು ಎಲುಬುಗಳು, ಸೊಂಟದ ಎರಡು ಪಕ್ಕ, ಹಿಮ್ಮಡಿ, ಕಾಲಿನ ಗಂಟು, ಮೊಣಕಾಲಿನ ಒಳಬದಿ, ಮೊಣಕೈ, ಭುಜದ ಹಿಂಭಾಗ, ತಲೆಯ ಹಿಂಭಾಗ. ಗಂಡಸರಲ್ಲಿ ವೃಷಣದ ಕೆಳಗೆ ನೋಡಲು ನಾಚಿಕೆಪಟ್ಟುಕೊಂಡು ಬಿಟ್ಟುಬಿಡುತ್ತಾರೆ, ಅಲ್ಲೂ ನೋಡಿ.

ಪುಸ್ತಕಗಳಲ್ಲಿ ಚರ್ಮ ಕೆಂಪಾಗುತ್ತದೆ ಎಂದು ಬರೆದಿರುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಸರಿಯಾಗಿ ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಗೆ, ನೇರಳೆ ಛಾಯೆಯಲ್ಲಿ ಅಥವಾ ಮಿರುಗುವ ಹಾಗೆ ಕಾಣಬಹುದು. ಹಾಗಾಗಿ ಮುಟ್ಟಿ ನೋಡಬೇಕು. ಅಂಗೈಯ ಹಿಂಭಾಗ ಇಟ್ಟರೆ ಪಕ್ಕದ ಚರ್ಮಕ್ಕಿಂತ ಬಿಸಿಯೇ? ಬೆರಳಿನಿಂದ ಒತ್ತಿದರೆ ಗಟ್ಟಿಯೇ, ಅಥವಾ ನೀರು ತುಂಬಿದ ಹಾಗೆ ಮೆತ್ತಗಿದೆಯೇ? ಮೂರು ಸೆಕೆಂಡು ಒತ್ತಿ ಬಿಟ್ಟಾಗ ಬಣ್ಣ ಬದಲಾಗದೆ ಹಾಗೇ ಉಳಿಯಿತೇ? ಇವುಗಳಲ್ಲಿ ಒಂದು ಹೌದಾದರೂ ಅದು ಮೊದಲ ಹಂತ.

ಮೊಬೈಲು ಇಲ್ಲಿ ತುಂಬಾ ಉಪಕಾರಿ. ಟಾರ್ಚನ್ನು ನೇರಕ್ಕೆ ಬಿಡದೆ ಪಕ್ಕದಿಂದ ಬೆಳಕು ಬಿದ್ದರೆ ಉಬ್ಬು ತಗ್ಗು ಚೆನ್ನಾಗಿ ಕಾಣುತ್ತದೆ. ಒಂದೇ ದೂರದಿಂದ ದಿನಾ ಫೋಟೋ ತೆಗೆದರೆ ನಿನ್ನೆಗೂ ಇವತ್ತಿಗೂ ಹೋಲಿಸಬಹುದು. ಇನ್ನೊಂದು ಲಾಭ ಇದೆ, ನನಗೆ ಅದೇ ದೊಡ್ಡದು. ಫೋಟೋವನ್ನು ಮಲಗಿದವರಿಗೇ ತೋರಿಸಬಹುದು. ತನ್ನ ಬೆನ್ನನ್ನು ತಾನೇ ನೋಡಿ, ಇವತ್ತು ಎಡಕ್ಕೆ ಜಾಸ್ತಿ ಹೊತ್ತು ಮಲಗುತ್ತೇನೆ ಎಂದು ಅವರೇ ತೀರ್ಮಾನ ಮಾಡಲಿ. ಕೈ ಆಡುವವರು ಕೋಲಿಗೆ ಕಟ್ಟಿದ ಕನ್ನಡಿಯಲ್ಲಿ ತಾವೇ ನೋಡಿಕೊಳ್ಳಬಹುದು. ಕೈಯೂ ಆಡದವರು ಬಾಯಿ ಬಿಟ್ಟು ಹೇಳಬಹುದು: ಸಮಯ ಆಯ್ತು, ತಿರುಗಿಸಿ. ಮನೆಗೆ ಬಂದ ಮೊದಲ ದಿನದಿಂದಲೇ ಈ ಅಧಿಕಾರ ಅವರ ಕೈಗೆ ಬರಬೇಕು. ಅಪ್ಪ, ಅಮ್ಮ, ಹೆಂಡತಿ ಎಷ್ಟು ಪ್ರೀತಿಯಿಂದ ನೋಡಿಕೊಂಡರೂ ಆ ಮೈ ಮಲಗಿದವರದೇ ಅಲ್ವಾ?

ಡಾ. ಮೇರಿ ವರ್ಗೀಸ್ ಅವರ ಹೆಸರು ನಮ್ಮಲ್ಲಿ ಕೇಳಿದವರು ಕಡಿಮೆ. ಕೇರಳದವರೇ. ವೆಲ್ಲೂರಿನಲ್ಲಿ ಡಾಕ್ಟರಾಗಿದ್ದಾಗ 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ವೆಲ್ಲೂರಿನಲ್ಲಿ ಪುನರ್ವಸತಿ ವಿಭಾಗ ಕಟ್ಟಿದರು, 1966ರಲ್ಲಿ ಅಲ್ಲಿ ಅದಕ್ಕೆಂದೇ ಸಂಸ್ಥೆ ತೆರೆಯಿತು. ಇವತ್ತಿಗೂ ಬೆನ್ನುಹುರಿಗೆ ಪೆಟ್ಟಾದವರು ಮನೆಯವರ ಜೊತೆ ಅಲ್ಲಿಗೆ ಹೋಗಿ ಮಗ್ಗುಲು ಬದಲಿಸುವುದು, ಚರ್ಮ ನೋಡುವುದು, ಕುರ್ಚಿಗೆ ಇಳಿಯುವುದು ಎಲ್ಲ ಕಲಿತು ಬರುತ್ತಾರೆ. ಮನೆಗೆ ಬರುವ ಮೊದಲು ಅಂಥ ಒಂದು ಪುನರ್ವಸತಿ ಕೇಂದ್ರದಲ್ಲಿ ಕೆಲವು ವಾರ ಇರಲು ಸಾಧ್ಯವಾದರೆ, ಸಾಲ ಮಾಡಿಯಾದರೂ ಇರಿ ಎಂದೇ ಹೇಳುತ್ತೇನೆ.

ಕುಳಿತುಕೊಳ್ಳಲು ಶುರುಮಾಡಿದಾಗ

ಕುರ್ಚಿಗೆ ಬಂದರೆ ಮನೆಯಲ್ಲಿ ಹಬ್ಬ. ಖುಷಿಯಲ್ಲಿ ಮೊದಲ ದಿನವೇ ಮೂರು ಗಂಟೆ ಜಗಲಿಯಲ್ಲಿ ಕೂರಿಸಿಬಿಡುತ್ತಾರೆ. ಮೊದಲಿಗೆ ಕಾಲು ಗಂಟೆ, ಅರ್ಧ ಗಂಟೆ ಸಾಕು. ಇಳಿಸಿ ಮಲಗಿಸಿ ಪೃಷ್ಠ ನೋಡಿ. ಗುರುತು ಬೇಗ ಹೋದರೆ ಮರುದಿನ ಸ್ವಲ್ಪ ಜಾಸ್ತಿ.

ಗಾಲಿಕುರ್ಚಿಯ ಮೆತ್ತೆ, ಅಂದರೆ ಕುಶನ್, ಕುರ್ಚಿಯಷ್ಟೇ ಮುಖ್ಯ. ದುಡ್ಡು ಒಂದಕ್ಕೇ ಸಾಕಾಗುವುದಾದರೆ ಸಾದಾ ಕುರ್ಚಿ, ಒಳ್ಳೆಯ ಕುಶನ್ ಎಂದು ನಾನು ಆರಿಸುತ್ತೇನೆ. ಒಳ್ಳೆಯ ಸಾಂದ್ರತೆಯ ಫೋಮ್ ಸುಮಾರು 10 ಸೆಂಟಿಮೀಟರ್ ದಪ್ಪ ಇರಬೇಕು. ಫೋಮ್ ಬಳಸಿದಂತೆ ಕುಗ್ಗುತ್ತದೆ, ಎರಡು ಬೆರಳಿನಿಂದ ಒತ್ತಿ ಅಡಿಯ ಹಲಗೆ ಸಿಕ್ಕಿದರೆ ಬದಲಿಸುವ ಸಮಯ ಆಯಿತು. ಗಾಳಿಯ ಗುಳ್ಳೆಗಳ ಕುಶನ್‌ಗೆ ಗಾಳಿ ಜಾಸ್ತಿಯಾದರೂ ತೊಂದರೆ, ಕಡಿಮೆಯಾದರೂ ತೊಂದರೆ. ಕಾಲಿಡುವ ಫುಟ್‌ರೆಸ್ಟ್ ತೀರಾ ಮೇಲಿದ್ದರೆ ಮೊಣಕಾಲು ಎದ್ದು ನಿಲ್ಲುತ್ತದೆ, ತೊಡೆಯ ಮೇಲೆ ಹರಡಬೇಕಾದ ಭಾರವೆಲ್ಲ ಹಿಂದಿನ ಎಲುಬಿಗೆ ಬೀಳುತ್ತದೆ. ಇದನ್ನು ಒಂದು ಸ್ಪ್ಯಾನರ್‌ನಿಂದ ಸರಿಮಾಡಬಹುದು, ಆದರೆ ಯಾರೂ ಮಾಡಿರುವುದಿಲ್ಲ.

ಕುಳಿತಾಗ 15ರಿಂದ 30 ನಿಮಿಷಕ್ಕೊಮ್ಮೆ ಭಾರ ಇಳಿಸಬೇಕು. ಕೈಯೂರಿ ಮೇಲಕ್ಕೆ ಎದ್ದು ಹತ್ತು ಸೆಕೆಂಡಿಗೆ ಇಳಿದರೆ ಸಾಲದು. ಒತ್ತಿಹೋದ ಮಾಂಸಕ್ಕೆ ಮತ್ತೆ ಪೂರ್ತಿ ಆಮ್ಲಜನಕ ತಲುಪಲು ಸುಮಾರು ಎರಡು ನಿಮಿಷ ಬೇಕು. ಅಷ್ಟು ಹೊತ್ತು ಕೈಯ ಮೇಲೆ ನಿಲ್ಲುವುದು ಯಾರಿಂದಲೂ ಆಗದು, ಭುಜವೂ ಹಾಳಾಗುತ್ತದೆ. ಅದಕ್ಕಿಂತ ಎದೆ ತೊಡೆಗೆ ತಾಗುವ ಹಾಗೆ ಮುಂದಕ್ಕೆ ಬಾಗುವುದು, ಅಥವಾ ಮೇಜಿನ ಮೇಲೆ ಮೊಣಕೈ ಊರಿ ಒಂದೊಂದು ಬದಿಗೆ ವಾಲುವುದು ಸುಲಭ. ಫೋನಿನಲ್ಲಿ ಅಲಾರಂ ಇಡಿ. ಕೈಯಲ್ಲಿ ಬಲವಿಲ್ಲದವರಿಗೆ ಮನೆಯವರೇ ಬಾಗಿಸಿ ಹಿಡಿಯಬೇಕು.

ಚೆಕಪ್‌ಗೆ ಮಂಗಳೂರಿಗೆ ಹೋಗುವ ದಿನ ಅತಿ ಅಪಾಯದ ದಿನ. ಕಾರಿನಲ್ಲಿ ಒಂದೂವರೆ ಗಂಟೆ, ಒಪಿಡಿಯಲ್ಲಿ ಮೂರು ಗಂಟೆ, ಸ್ಕ್ಯಾನಿಂಗ್ ಟೇಬಲ್, ಮತ್ತೆ ಕಾರು. ಕುಶನ್ ಜೊತೆಗೆ ಒಯ್ಯಿರಿ, ಕಾರಿನ ಸೀಟಿನ ಮೇಲೂ ಹಾಕಿ. ದಾರಿಯಲ್ಲೂ ಬಾಗಿಸಿ. ಕಾಯುವಾಗ ಒಂದು ಮಂಚ ಕೇಳಿ, ಕೇಳಲು ಸಂಕೋಚಪಡಬೇಡಿ.

ಕಕ್ಕಸಿಗೆ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಬಳಸುವುದು ನಮ್ಮಲ್ಲಿ ಬಹಳ ಮನೆಗಳಲ್ಲಿ ಇದೆ. ಕೊರೆದ ಅಂಚು ಹರಿತವಾಗಿರುತ್ತದೆ. ಸೈಕಲ್ ಟ್ಯೂಬು, ಫೋಮ್ ಸುತ್ತಿ ಮೆತ್ತಗೆ ಮಾಡಿ. ಅಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೂರಿಸಬೇಡಿ.

ಬಟ್ಟೆಯ ವಿಷಯದಲ್ಲಿ ಮುಂಡು, ಲುಂಗಿ ಒಳ್ಳೆಯದೇ, ಆದರೆ ಗಂಟು ಬೆನ್ನಿನ ಕೆಳಗೆ ಹೋಗಬಾರದು. ಜೀನ್ಸಿನ ಹಿಂದಿನ ಜೇಬು, ಅದರ ಲೋಹದ ಗುಂಡಿ ಎರಡೂ ಕೆಟ್ಟವು. ಮೂತ್ರ ಹೋಗಲು ಹಾಕಿದ ಕ್ಯಾತಿಟರ್ ಪೈಪು ತೊಡೆಯ ಕೆಳಗೆ ಸಿಕ್ಕಿಕೊಂಡು ಅದರ ಆಕಾರದಲ್ಲೇ ಹುಣ್ಣಾಗುವುದುಂಟು. ತೊಡೆಯ ಮೇಲ್ಭಾಗಕ್ಕೆ ಟೇಪ್ ಹಚ್ಚಿ ಹಿಡಿಸಿ.

ಒದ್ದೆ, ಬಿಸಿ, ನಂಜು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೂ ಒಣಗುವುದಿಲ್ಲ, ಮೈಯೂ ಒಣಗುವುದಿಲ್ಲ. ಒದ್ದೆ ಚರ್ಮ ಬೇಗ ಸುಲಿಯುತ್ತದೆ. ಮೂತ್ರ, ಮಲ ತಾಗಿದ ಕೂಡಲೇ ತೊಳೆದು, ಉಜ್ಜದೆ ಒತ್ತಿ ಒರೆಸಿ, ತೆಳ್ಳಗೆ ಜಿಂಕ್ ಕ್ರೀಮ್ ಹಚ್ಚಿ. ಪೌಡರ್ ಸುರಿಯಬೇಡಿ, ಬೆವರಿಗೆ ಅಂಟಿ ಗಂಟಾಗಿ ಅದೇ ಉಜ್ಜುತ್ತದೆ. ಚರ್ಮ ಒಣಗಿದ್ದರೆ ತೆಂಗಿನೆಣ್ಣೆ ಮೆಲ್ಲಗೆ ಸವರಬಹುದು. ಆದರೆ ಕೆಂಪಾದ ಜಾಗವನ್ನು ಮಾತ್ರ ತಿಕ್ಕಬೇಡಿ. ರಕ್ತ ಓಡಲಿ ಎಂದು ಸ್ಪಿರಿಟ್ ಹಾಕಿ ತಿಕ್ಕುವ ಹಳೇ ಪದ್ಧತಿ ಒಳಗಿನ ಸಣ್ಣ ನಾಳಗಳನ್ನು ಇನ್ನಷ್ಟು ಹರಿದುಹಾಕುತ್ತದೆ. ಹಾಸಿಗೆ ಒದ್ದೆಯಾದೀತು ಎಂದು ನೀರು ಕುಡಿಯುವುದನ್ನು ಕಡಿಮೆ ಮಾಡುವುದೂ ತಪ್ಪು.

ಸುಟ್ಟ ಗಾಯವೂ ನೋವಿಲ್ಲದೆ ಬರುತ್ತದೆ. ಬಚ್ಚಲ ಹಂಡೆಯ ನೀರು ಎಷ್ಟು ಬಿಸಿ ಎಂದು ಅವರ ಕಾಲಿಗೆ ಗೊತ್ತಾಗದು. ಸ್ವಾಧೀನ ಇರುವವರ ಮೊಣಕೈ ಅದ್ದಿ ನೋಡಿ. ಬಿಸಿ ಚಹಾ ತೊಡೆಯ ಮೇಲಿಟ್ಟುಕೊಳ್ಳುವುದು, ಬಿಸಿನೀರಿನ ಚೀಲ ಇಡುವುದು, ಒಲೆಯ ಪಕ್ಕ ಕಾಲು ಚಾಚುವುದು ಯಾವುದೂ ಬೇಡ.

ಇನ್ನು ಊಟ. ಗಾಯವಾದವರಿಗೆ ನಂಜಾಗುತ್ತದೆ ಎಂದು ಮೀನು, ಮೊಟ್ಟೆ ಬಿಡಿಸಿ, ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯಲ್ಲೇ ತಿಂಗಳು ಕಳೆಯುವ ಮನೆಗಳಿವೆ. ಹಿರಿಯರು ಕಾಳಜಿಯಿಂದಲೇ ಹೇಳುತ್ತಾರೆ, ಜಗಳ ಬೇಡ. ಆದರೆ ಚರ್ಮ ಮತ್ತು ಮಾಂಸ ಕಟ್ಟುವುದು ಪ್ರೋಟೀನಿನಿಂದ. 50 ಕಿಲೋ ತೂಕದವರಿಗೆ, ಹುಣ್ಣಿನ ಅಪಾಯ ಇರುವಾಗ, ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಬೂತಾಯಿಯಲ್ಲಿ ಸುಮಾರು 20. ಮೀನು ತಿನ್ನದ ಮನೆಯವರು ಹೆಸರು, ಹುರುಳಿ, ಕಡಲೆ, ಹಾಲು, ಮೊಸರನ್ನು ದಿನದ ಮೂರೂ ಊಟದಲ್ಲಿ ಸೇರಿಸಬೇಕು. ಗಂಜಿಗೇ ಹೆಸರು ಹಾಕಿ ಬೇಯಿಸಿದರೂ ಆಯಿತು. ಕಿಡ್ನಿಯ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ ಹೆಚ್ಚಿಸಿ. ರಕ್ತಹೀನತೆ, ಸಕ್ಕರೆ ಕಾಯಿಲೆ ಇದೆಯೇ ಎಂದು ಪರೀಕ್ಷಿಸಿ. ಬೀಡಿ, ಸಿಗರೇಟು ಬಿಡಲೇಬೇಕು, ಅದು ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ.

ಗುರುತು ಕಂಡರೆ

ಚರ್ಮ ಒಡೆಯದೆ ಬರೀ ಕೆಂಪು ಅಥವಾ ಕಪ್ಪು ಕಂಡರೆ ಮಾಡಬೇಕಾದದ್ದು ಒಂದೇ: ಆ ಜಾಗದ ಮೇಲೆ ಭಾರ ಬೀಳಬಾರದು. ಕುಳಿತು ಆದದ್ದಾದರೆ ಕುಳಿತುಕೊಳ್ಳುವುದು ಬಂದ್. ಗುರುತು ಪೂರ್ತಿ ಹೋಗುವವರೆಗೆ. ಮದುವೆ ಇರಲಿ, ಭೂತದ ಕೋಲ ಇರಲಿ. ಇದು ಕಠಿಣ ಎಂದು ಗೊತ್ತು. ಈ ಹಂತದಲ್ಲಿ ಕೆಲವೇ ದಿನದಲ್ಲಿ ಸರಿಹೋಗುವುದು, ಒಡೆದು ಆಳವಾದರೆ ತಿಂಗಳುಗಳಿಗೆ ಹೋಗುತ್ತದೆ. ವಾಸಿಯಾದರೂ ಆ ಕಲೆಯ ಚರ್ಮ ಮೊದಲಿನ ಬಲದ 80 ಶೇಕಡಕ್ಕಿಂತ ಮೇಲೆ ಬರುವುದಿಲ್ಲ, ಮತ್ತೆ ಅದೇ ಜಾಗದಲ್ಲಿ ಒಡೆಯಬಹುದು.

ಗುಳ್ಳೆ ಎದ್ದರೆ, ಚರ್ಮ ಒಡೆದರೆ, ನೇರಳೆ ಬಣ್ಣಕ್ಕೆ ತಿರುಗಿದರೆ ಅದೇ ದಿನ ನರ್ಸಿಗೆ ತೋರಿಸಿ. ಅರಿಶಿನ, ಬೂದಿ, ಡೆಟ್ಟಾಲ್ ಹಾಕಬೇಡಿ. ಕಪ್ಪು ಸಿಪ್ಪೆ, ವಾಸನೆ, ಕೀವು, ಜ್ವರ, ಚಳಿ ಕಂಡರೆ ಆಸ್ಪತ್ರೆಗೆ ಹೊರಡಿ. ಹುಣ್ಣಿನ ಸೋಂಕು ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಸೂಪರ್‌ಮ್ಯಾನ್ ಪಾತ್ರ ಮಾಡಿದ ನಟ ಕ್ರಿಸ್ಟೋಫರ್ ರೀವ್ ಕುದುರೆಯಿಂದ ಬಿದ್ದು ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. 2004ರಲ್ಲಿ ತೀರಿಕೊಂಡಾಗ ಅವರಿಗೆ ಚಿಕಿತ್ಸೆ ನಡೆಯುತ್ತಿದ್ದದ್ದು ಹಾಸಿಗೆ ಹುಣ್ಣಿನ ಸೋಂಕಿಗೆ.

ಬೆನ್ನುಹುರಿಯ ಎದೆಯ ಭಾಗದ ಆರನೇ ಮಟ್ಟ, ಅಂದರೆ ಟಿ-6, ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಇನ್ನೊಂದು ಅಪಾಯ ಇದೆ. ಕೆಳಗೆ ಹುಣ್ಣು, ತುಂಬಿದ ಮೂತ್ರಕೋಶ, ಬಿಗಿ ಬಟ್ಟೆ ಏನಿದ್ದರೂ ಅವರಿಗೆ ನೋವು ಗೊತ್ತಾಗದು, ಆದರೆ ರಕ್ತದೊತ್ತಡ ದಿಢೀರ್ ಏರುತ್ತದೆ. ತಲೆ ಸಿಡಿಯುವ ಹಾಗೆ ನೋವು, ಮುಖ ಕೆಂಪು, ಬೆವರು. ಕೂಡಲೇ ಎಬ್ಬಿಸಿ ಕೂರಿಸಿ, ಬಟ್ಟೆ ಸಡಿಲಿಸಿ, ಕ್ಯಾತಿಟರ್ ಮಡಚಿದೆಯೇ ನೋಡಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ.

ಮನೆಯವರಿಗೆ

ರಾತ್ರಿ ಪಾಳಿ ಒಬ್ಬರ ತಲೆಗೇ ಬಿದ್ದರೆ ಎರಡು ತಿಂಗಳಲ್ಲಿ ಆ ಒಬ್ಬರು ಹಾಸಿಗೆ ಹಿಡಿಯುತ್ತಾರೆ. ಹೆಚ್ಚಿನ ಕಡೆ ಆ ಒಬ್ಬರು ಹೆಂಗಸೇ. ಹನ್ನೊಂದಕ್ಕೆ ತಮ್ಮ, ಒಂದಕ್ಕೆ ಹೆಂಡತಿ, ಮೂರಕ್ಕೆ ಅಪ್ಪ ಎಂದು ಹಂಚಿ, ಗೋಡೆಯ ಮೇಲೆ ಚೀಟಿ ಅಂಟಿಸಿ, ತಿರುಗಿಸಿದ ಸಮಯ ಮತ್ತು ಬದಿ ಬರೆಯಿರಿ. ಎಣ್ಮಕಜೆ, ಬದಿಯಡ್ಕ, ಬೆಳ್ಳೂರು ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ನರಳಿದ ಮಕ್ಕಳನ್ನು ವರ್ಷಗಟ್ಟಲೆ ನೋಡಿಕೊಂಡ ಅಮ್ಮಂದಿರಿದ್ದಾರೆ. ಅವರನ್ನು ಒಂದು ದಿನ ಮನೆಗೆ ಕರೆಯಿರಿ. ಮಗ್ಗುಲು ತಿರುಗಿಸುವುದನ್ನು ಅವರಷ್ಟು ಹಗುರವಾಗಿ ಮಾಡುವವರು ಕಡಿಮೆ.

ಕೇರಳ ಸರ್ಕಾರ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ, ಅಂದರೆ ದೀರ್ಘಕಾಲ ನರಳುವವರ ಸಾಂತ್ವನ ಆರೈಕೆಗೆ, ನೀತಿ ತಂದಿತು. ಅದರಿಂದಾಗಿ ಪಂಚಾಯತುಗಳಲ್ಲಿ ಮನೆಗೇ ಬರುವ ಪಾಲಿಯೇಟಿವ್ ನರ್ಸ್ ಇದ್ದಾರೆ. ಕ್ಯಾನ್ಸರ್ ರೋಗಿಗಳಿಗೆ ಮಾತ್ರ ಎಂದು ತಿಳಿದು ಅನೇಕರು ಕೇಳುವುದೇ ಇಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೂ ಅವರು ಬರುತ್ತಾರೆ. ಬಿಡುಗಡೆಯ ದಿನಕ್ಕೆ ಮೊದಲೇ ಆಶಾ ಕಾರ್ಯಕರ್ತೆಯ ಮೂಲಕ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ. ಡಿಸ್ಚಾರ್ಜ್ ಶೀಟ್ ಕರ್ನಾಟಕದ ಆಸ್ಪತ್ರೆಯದ್ದಾದರೂ ಅಡ್ಡಿಯಿಲ್ಲ. ಏರ್ ಬೆಡ್, ಗಾಲಿಕುರ್ಚಿ ಎರವಲು ಸಿಗುತ್ತದೆಯೇ ಎಂದೂ ಕೇಳಿ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಎಂಬ ಸಹಾಯಧನ ಇದೆ, ಅದಕ್ಕೆ ಹೊಸ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ, ಅಂಗವಿಕಲರ ಯುಡಿಐಡಿ ಕಾರ್ಡಿನ ಅರ್ಜಿಯನ್ನೂ ಹಾಕಿ. ಕೊಡುವ ಕರಪತ್ರ ಮಲಯಾಳದಲ್ಲಿದ್ದು ಮನೆಯ ಹಿರಿಯರಿಗೆ ಓದಲು ಬಾರದಿದ್ದರೆ, ನರ್ಸ್ ಬಂದ ದಿನವೇ ಎದುರಿಗೆ ಮಾಡಿ ತೋರಿಸಲು ಹೇಳಿ, ಅದನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಆ ವಾರ ಮನೆಗೆ ಯಾರು ನೋಡಿಕೊಳ್ಳಲು ಬಂದರೂ ಮೊದಲು ಆ ವಿಡಿಯೋ ತೋರಿಸಿ, ಆಮೇಲೆ ಕೈ ಹಾಕಲು ಬಿಡಿ.